ಎ.ಸಿ. ಪಂಪಿನ ಮೇಲೊಂದು ಒದ್ದೆ ಬಟ್ಟೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹೊರಟಿದ್ದ ನಾವು ನಾಲ್ವರು ಚಾರ್ಮಾಡಿ ಘಾಟಿಯ ತಿರುವೊಂದರಲ್ಲಿ ನಿಂತುಬಿಟ್ಟೆವು. ಕಾರು ನಮ್ಮಲ್ಲೊಬ್ಬರ ಅಜ್ಜನ ಕಾಲದ ಪ್ರೀಮಿಯರ್ ಪದ್ಮಿನಿ. ಬಾನೆಟ್ ಎತ್ತಿದೆವು. ಅಜ್ಜ ಮಾಡುತ್ತಿದ್ದ ಹಾಗೆಯೇ ಬೈರಾಸು ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಹಾಕಿದೆವು. ಹತ್ತು ನಿಮಿಷ ಕಾದು ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಯಿತು. ಎರಡು ತಿರುವು ಹತ್ತಿ ಮತ್ತೆ ನಿಂತಿತು. ಹೀಗೆ ನಾಲ್ಕು ಸಲ. ಕೊಟ್ಟಿಗೆಹಾರ ಮುಟ್ಟುವಾಗ ದೀಪ ಹಚ್ಚುವ ಹೊತ್ತು.

‘ಬಿಸಿಗೆ ಪೆಟ್ರೋಲ್ ಆವಿಯಾಗಿದೆ, ಇನ್ನೇನಿಲ್ಲ’ ಎಂದು ನಾವು ತೀರ್ಮಾನಿಸಿದ್ದೆವು. ಆ ತೀರ್ಮಾನ ತಪ್ಪಾಗಿತ್ತು. ಎಲ್ಲಿ ತಪ್ಪಿದೆವು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಇತಿಹಾಸವೇ ಈ ಬರಹ.

ಮರುದಿನ ಗಾಡಿ ನೋಡಿದ ಹಿರಿಯ ಮೆಕ್ಯಾನಿಕ್‌ರನ್ನು ಊರವರೆಲ್ಲ ಉಸ್ತಾದ್ ಎನ್ನುತ್ತಾರೆ. ಅವರು ಮೊದಲು ಪಾನ ಹಿಡಿಯಲಿಲ್ಲ, ಪ್ರಶ್ನೆ ಕೇಳಿದರು. “ಗಾಡಿ ಟಕ್ ಅಂತ ಆಫ್ ಆಯ್ತಾ, ಇಲ್ಲಾ ಜಗ್ಗಿ ಜಗ್ಗಿ ನಿಂತ್ತಾ?”

“ಜಗ್ಗಿ ಜಗ್ಗಿ, ಉಸ್ತಾದ್.”

“ಹಂಗಾದ್ರೆ ಕರೆಂಟ್ ಅಲ್ಲ, ಎಣ್ಣೆ.”

ಕಾಯಿಲ್ ಅಥವಾ ಪಾಯಿಂಟ್ ಕೈಕೊಟ್ಟರೆ ಎಂಜಿನ್ ಸಾಮಾನ್ಯವಾಗಿ ಒಮ್ಮೆಗೇ ಸಾಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ಮಾತ್ರ ಏರಿನಲ್ಲಿ ಏದುಸಿರು ಬಿಟ್ಟು, ಜಗ್ಗಿ, ಆಮೇಲೆ ನಿಲ್ಲುತ್ತದೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಕೆಲಸ ಮುಗಿದಿತ್ತು.

ಎಣ್ಣೆಯನ್ನು ಟ್ಯಾಂಕಿನಿಂದ ಎಂಜಿನ್‌ವರೆಗೆ ಮುಟ್ಟಿಸುವುದು ಕಾರು ಹುಟ್ಟಿದಂದಿನ ತಲೆನೋವು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಪಂಪೇ ಇರಲಿಲ್ಲ. ಮುಂದಿನ ಸೀಟಿನ ಕೆಳಗೆ ಟ್ಯಾಂಕು, ಅಲ್ಲಿಂದ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರಬೇಕು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಿದ್ದು ಏರು ಕಡಿದಾಗಿದ್ದರೆ ಎಂಜಿನ್ನೇ ಟ್ಯಾಂಕಿಗಿಂತ ಮೇಲಾಗಿ ಗಾಡಿ ನಿಲ್ಲುತ್ತಿತ್ತು. ಅದಕ್ಕೆ ಚಾಲಕರು ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಬೆಟ್ಟ ಹತ್ತುತ್ತಿದ್ದರು.

ಟ್ಯಾಂಕು ಹಿಂದಕ್ಕೆ ಹೋದ ಮೇಲೆ ಎಣ್ಣೆಯನ್ನು ಎಳೆದು ತರಲು ಪಂಪು ಬೇಕಾಯಿತು. ಎಂಜಿನ್ನಿನ ಪಕ್ಕದಲ್ಲಿ ಕೂತು, ಕ್ಯಾಮ್‌ಶಾಫ್ಟ್ ಒದ್ದಾಗಲೆಲ್ಲ ಒಳಗಿನ ರಬ್ಬರ್ ಪದರ ಮೇಲೆ ಕೆಳಗೆ ಆಡಿ ಎಣ್ಣೆ ಎಳೆಯುವ ಪಂಪಿಗೆ ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ‘ಎ.ಸಿ. ಪಂಪು’ ಎನ್ನುತ್ತಾರೆ. ತಂಪು ಮಾಡುವ ಎ.ಸಿ.ಗೂ ಇದಕ್ಕೂ ಸಂಬಂಧವಿಲ್ಲ. ಎ.ಸಿ. ಎಂದರೆ ಆಲ್ಬರ್ಟ್ ಚಾಂಪಿಯನ್. ಅಮೆರಿಕದಲ್ಲಿ ಸ್ಪಾರ್ಕ್ ಪ್ಲಗ್ ಕಂಪನಿ ಕಟ್ಟಿದ ಫ್ರೆಂಚ್ ಸೈಕಲ್ ಪಟು. ಅವರು 1927ರಲ್ಲಿ ತೀರಿಕೊಂಡರು. ಅವರ ಹೆಸರಿನ ಎರಡಕ್ಷರ ಮಲೆನಾಡಿನ ಗ್ಯಾರೇಜುಗಳ ಮಾತಿನಲ್ಲಿ ಉಳಿದಿದೆ.

ಸ್ವಾತಂತ್ರ್ಯಾನಂತರ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಂಡದ್ದು ಎರಡು ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್, ಇಟಲಿಯ ಫಿಯೆಟ್ 1100 ಮೂಲದ ಪದ್ಮಿನಿ. ಎರಡನ್ನೂ ರೂಪಿಸಿದ್ದು ತಂಪು ದೇಶದ ಜನ. ನಮ್ಮ ಬೇಸಿಗೆಯಲ್ಲಿ, ಘಾಟಿಯ ಫಸ್ಟ್ ಗೇರಿನಲ್ಲಿ, ಪೈಪಿನೊಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ದ್ರವ ಎಳೆಯುವ ಪಂಪಿಗೆ ಆವಿ ಎಳೆಯಲು ಬರುವುದಿಲ್ಲ. ಅದಕ್ಕೆ ಹುಟ್ಟಿದ ಉಪಾಯವೇ ಒದ್ದೆ ಬಟ್ಟೆ. ಅದು ಮೂಢನಂಬಿಕೆಯಲ್ಲ. ನೀರು ಆರುವಾಗ ಶಾಖ ಹೀರುತ್ತದೆ, ಪಂಪು ತಣಿದು ಆವಿ ಮತ್ತೆ ದ್ರವವಾಗುತ್ತದೆ. ಆದರೆ ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಟ್ಟ ಹಾಗೆ ನಾವು ಅದನ್ನು ಬಳಸಿದ್ದೆವು.

ಉಸ್ತಾದರು ಟ್ಯಾಂಕಿನ ಮುಚ್ಚಳ ತೆಗೆದು ಕಿವಿಯಿಟ್ಟರು. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿಕಂಡಿ ಕಟ್ಟಿದೆ ಎಂದರ್ಥ. ಗಾಳಿ ಒಳಬರದಿದ್ದರೆ ಎಣ್ಣೆಯೂ ಹೊರಬರುವುದಿಲ್ಲ. ನಮ್ಮದರಲ್ಲಿ ಸದ್ದಿಲ್ಲ. ಮೀಟರನ್ನು ನಂಬದೆ ಕಡ್ಡಿ ಇಳಿಸಿ ನೋಡಿದರು, ಎಣ್ಣೆ ಇತ್ತು. ಆಯಿಲ್ ಸ್ಟಿಕ್ ಎಳೆದು ಮೂಸಿದರು. ಪಂಪಿನ ರಬ್ಬರ್ ಪದರ ಹರಿದಿದ್ದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರಿ ಆಯಿಲ್ ಮಟ್ಟ ಏರುತ್ತದೆ, ವಾಸನೆ ಬರುತ್ತದೆ. ಅದೂ ಇಲ್ಲ.

ಆಮೇಲೆ ಎಂಜಿನ್ ತಣಿದಿದೆಯೇ ಎಂದು ಮುಟ್ಟಿ ನೋಡಿ, ಕಿಡಿ ಹಾರದಂತೆ ಕಾಯಿಲ್ ವೈರು ಕಿತ್ತರು. ಕಾರ್ಬೊರೇಟರಿಗೆ ಹೋಗುವ ಪೈಪು ಬಿಚ್ಚಿ ಗಾಜಿನ ಬಾಟಲಿಗೆ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಪೆಟ್ರೋಲ್ ಬಂತು, ಆದರೆ ಗುಳ್ಳೆ ಗುಳ್ಳೆಯಾಗಿ. ತಣ್ಣಗಿನ ಎಂಜಿನ್ನಿನಲ್ಲೂ ಗುಳ್ಳೆ! ಅಂದರೆ ಅದು ಆವಿಯಲ್ಲ, ಗಾಳಿ. ಕೊನೆಗೆ ಇನ್ನೊಂದು ಬಾಟಲಿಯ ಪೆಟ್ರೋಲಿಗೆ ಹೊಸ ಹೋಸ್ ಇಳಿಸಿ, ಅದನ್ನು ನೇರ ಪಂಪಿಗೆ ಕೊಟ್ಟರು. ಈಗ ಧಾರೆ ತುಂಬಿ ಬಂತು. ಪಂಪು ಸರಿಯಿದೆ. ತೊಂದರೆ ಇರುವುದು ಟ್ಯಾಂಕಿಗೂ ಪಂಪಿಗೂ ನಡುವೆ.

ಸಿಕ್ಕಿದ್ದು ಗೇಣುದ್ದದ ರಬ್ಬರ್ ಹೋಸ್. ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು. ಪಂಪಿನಿಂದ ಮುಂದೆ ತೂತಾದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕಿ ಕಣ್ಣಿಗೆ ಕಾಣುತ್ತದೆ. ಪಂಪಿಗಿಂತ ಹಿಂದೆ ತೂತಾದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಹನಿಯೂ ಕಾಣುವುದಿಲ್ಲ. ಸಮತಟ್ಟಿನಲ್ಲಿ ಹೇಗೋ ಓಡುತ್ತದೆ. ಏರಿನಲ್ಲಿ ಎಂಜಿನ್ನಿಗೆ ಎಣ್ಣೆ ಹೆಚ್ಚು ಬೇಕು, ಟ್ಯಾಂಕು ಕೆಳಗಾಗುವುದರಿಂದ ಎಳೆಯುವ ಶ್ರಮವೂ ಹೆಚ್ಚು. ಅಲ್ಲಿ ಸೋಲುತ್ತದೆ. ನಮ್ಮ ಬೈರಾಸು ಮಾಡಿದ್ದೇನೂ ಇಲ್ಲ. ಸೆಲ್ಫ್ ಹೊಡೆಯುತ್ತಿದ್ದಾಗ ಪಂಪು ಅಷ್ಟಿಷ್ಟು ಎಣ್ಣೆ ಎಳೆದು ಕಾರ್ಬೊರೇಟರಿನ ಬಟ್ಟಲು ತುಂಬುತ್ತಿತ್ತು, ಅಷ್ಟೇ.

ಹೋಸ್ ಯಾಕೆ ಬಿರಿಯಿತು? ವಯಸ್ಸು ಒಂದು ಕಾರಣ. ಇನ್ನೊಂದನ್ನು ಉಸ್ತಾದರು ‘ಈಗಿನ ಪೆಟ್ರೋಲ್’ ಎಂದರು. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇ. 5ರಷ್ಟು ಎಥೆನಾಲ್ ಬೆರೆಸುವುದು ಶುರುವಾಯಿತು. ಶೇ. 20ರ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಕಬ್ಬು, ಜೋಳ ಬೆಳೆಯುವವರಿಗೆ ಇದರಿಂದ ಮಾರುಕಟ್ಟೆ ಸಿಗುತ್ತದೆ, ತೈಲದ ಆಮದು ತಗ್ಗುತ್ತದೆ. ಆದರೆ ಹಳೆಯ ಕಾರಿನ ರಬ್ಬರನ್ನು ಎಥೆನಾಲ್‌ಗೆಂದು ಮಾಡಿದ್ದಲ್ಲ. ಅದು ಉಬ್ಬುತ್ತದೆ, ಬಿರಿಯುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ, ಟ್ಯಾಂಕಿನ ಹಳೇ ಕಿಲುಬನ್ನು ಸಡಿಲಿಸಿ ಫಿಲ್ಟರಿಗೆ ತಳ್ಳುತ್ತದೆ.

ಪೆಟ್ರೋಲ್ ಬದಲಾದಾಗಲೆಲ್ಲ ಕಾರಿನ ಕಾಯಿಲೆಯೂ ಬದಲಾಗಿದೆ. ಸಬ್ಸಿಡಿಯ ಸೀಮೆಎಣ್ಣೆ ಅಗ್ಗವಾಗಿದ್ದ ದಶಕಗಳಲ್ಲಿ ಅದನ್ನು ಪೆಟ್ರೋಲಿಗೆ ಬೆರೆಸುವ ದಂಧೆ ದೇಶದ ಉದ್ದಗಲಕ್ಕೂ ಇತ್ತು. ಬೆಳಗ್ಗೆ ಸ್ಟಾರ್ಟ್ ಆಗದಿರುವುದು, ಎಂಜಿನ್ ಬಡಿದುಕೊಳ್ಳುವುದು, ಪ್ಲಗ್ಗಿಗೆ ಮಸಿ ಹಿಡಿಯುವುದು ಅದರ ಗುರುತು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ ಪಡೆದು ಒಂದು ಹನಿ ಬಿಟ್ಟು, ಆರಿದ ಮೇಲೆ ಕಲೆ ಉಳಿದರೆ ಸಂಶಯಪಡಬಹುದು. ಆ ಹಕ್ಕು ಈಗಲೂ ನಮಗಿದೆ. ನಮ್ಮ ಕೋಲಾರದ ಕೆಜಿಎಫ್‌ನ ಹುಡುಗ, ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್‌ನಲ್ಲಿ ಕೊಲೆಯಾದರು.

ಗ್ಯಾರೇಜಿನವರೂ ಬೆಲೆ ತೆತ್ತಿದ್ದಾರೆ. ಪೈಪಿನಲ್ಲಿ ಎಣ್ಣೆ ಬರುತ್ತದೆಯೇ ಎಂದು ನೋಡಲು ಹಿಂದೆ ಬಾಯಲ್ಲೇ ಎಳೆಯುತ್ತಿದ್ದರು. ಸಂಜೆ ಕೈ ತೊಳೆಯುವುದೂ ಪೆಟ್ರೋಲಿನಲ್ಲೇ. ಆ ಪೆಟ್ರೋಲಿನಲ್ಲಿ ಸೀಸ ಇತ್ತು. ಎಂಜಿನ್ ಬಡಿತ ತಡೆಯಲು ಸೀಸ ಬೆರೆಸಬಹುದೆಂದು ಅಮೆರಿಕದ ಥಾಮಸ್ ಮಿಜ್ಲಿ ಕಂಡುಕೊಂಡದ್ದು 1921ರಲ್ಲಿ. ನಮ್ಮ ದೇಶದ ಎಲ್ಲ ಬಂಕುಗಳಿಂದ ಅದು ಹೊರಬಿದ್ದದ್ದು 2000ದ ಫೆಬ್ರವರಿಯಲ್ಲಿ. “ನಮ್ಮ ಉಸ್ತಾದ್‌ಗೆ ಕೊನೇಲಿ ಕೈ ನಡುಗ್ತಿತ್ತು. ಯಾಕೆ ಅಂತ ಯಾವ ಡಾಕ್ಟ್ರೂ ಕೇಳ್ಲಿಲ್ಲ” ಎಂದರು ಇವರು. ಆ ನಡುಕಕ್ಕೆ ಸೀಸವೇ ಕಾರಣ ಎಂದು ನಾವು ಹೇಳಲಾರೆವು. ಆದರೆ ಡಾಕ್ಟರು ಕೇಳದ ಆ ಪ್ರಶ್ನೆ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ.

ಕಾರ್ಬೊರೇಟರಿನ ಕಾಲ ಮುಗಿದಿದೆ. ಈಗಿನ ಕಾರಿನಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು, ಸುಮಾರು 3 ಬಾರ್ ಒತ್ತಡ. ಅಲ್ಲಿ ಪೈಪು ಬಿಚ್ಚಿ ಬಾಟಲಿ ಹಿಡಿಯಲು ಹೋದರೆ ಅಪಾಯ. ಉಸ್ತಾದರ ಮಗ ಸ್ಕ್ಯಾನರ್ ಚುಚ್ಚಿ ಕೋಡ್ ಓದುತ್ತಾನೆ. ಅಪ್ಪ ಈಗಲೂ ಅವನಿಗೆ ಹೇಳುವುದು ಒಂದೇ: “ಮೆಷಿನ್ ಹೇಳೋಕ್ ಮುಂಚೆ ಗಾಡಿಯವ್ರನ್ನ ಕೇಳು.”

ಹೊಸ ಹೋಸ್, ಎರಡು ಕ್ಲಿಪ್ಪು, ಅರ್ಧ ದಿನದ ಕೂಲಿ. ನಾವು ಪಂಪನ್ನೇ ಬದಲಿಸಲು ಹೊರಟಿದ್ದವರು. ಬಿರಿದ ಹಳೆ ಹೋಸ್ ಈಗ ನಮ್ಮ ಮೇಜಿನ ಮೇಲಿದೆ. ವರದಿಗೆ ಹೊರಡುವ ಮುನ್ನ ಒಮ್ಮೆ ಅದನ್ನು ಬಗ್ಗಿಸಿ ನೋಡುತ್ತೇವೆ. ನಿಮ್ಮೂರಿನ ಹಳೆಯ ಮೆಕ್ಯಾನಿಕ್ ಇನ್ನೂ ಇದ್ದರೆ ಒಂದು ಸಂಜೆ ಅವರ ಬಳಿ ಕೂತು ಕೇಳಿ, ಬರೆದಿಡಿ. ಅವರ ಕೈಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಪೂರ್ತಿ ಸಿಗುವುದಿಲ್ಲ.