ಹಳೆಯ ಸ್ಟೀಲ್ ಸೈಕಲ್ ಫ್ರೇಮ್: ಉಕ್ಕಿಗೂ ಮುಪ್ಪು ಬರುತ್ತದೆಯೇ?

“ನಲವತ್ತು ವರ್ಷದ ಸ್ಟೀಲ್ ಫ್ರೇಮಾ? ಲೋಹ ಸುಸ್ತಾಗಿರುತ್ತೆ, ಯಾವಾಗ ಬೇಕಾದರೂ ಮುರಿಯುತ್ತೆ.” ಹಳೆಯ ರೇಸಿಂಗ್ ಸೈಕಲ್ಲಿನ ಫೋಟೊ ಗ್ರೂಪಿಗೆ ಬಂದಾಗ ಕೇಳಿಬರುವ ಮೊದಲ ಮಾತು ಇದು. ಎರಡನೆಯದು ಇದಕ್ಕೆ ತದ್ವಿರುದ್ಧ: “ಹಳೆಯ ಸ್ಟೀಲ್ ಅಂದರೆ ಬಂಗಾರ, ಕೇಳಿದಷ್ಟು ಕೊಟ್ಟು ತಗೊಳ್ಳಿ.”

ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಇನ್ನೂ ದಶಕಗಳ ಕಾಲ ಓಡಬಲ್ಲ ಫ್ರೇಮನ್ನು ಗುಜರಿಗೆ ಹಾಕುತ್ತಾರೆ. ಎರಡನೆಯದನ್ನು ನಂಬಿದವರು ಸ್ಟಿಕ್ಕರ್ ನೋಡಿ ದುಡ್ಡು ಸುರಿಯುತ್ತಾರೆ. ಕಳೆದುಕೊಳ್ಳುವುದು ದುಡ್ಡನ್ನು ಮಾತ್ರವಾದರೆ ಹೇಗೋ ಸಹಿಸಬಹುದು. ಇಳಿಜಾರಿನಲ್ಲಿ ಮುಂದಿನ ಫೋರ್ಕ್ ಮುರಿದರೆ ಹೋಗುವುದು ಹಲ್ಲು, ದವಡೆ, ಕೆಲವೊಮ್ಮೆ ಜೀವ.

ಚಿಕ್ಕದಾಗಿ ಹೇಳುವುದಾದರೆ: ಉಕ್ಕು ಬರೀ ವಯಸ್ಸಿನಿಂದ ಸೋಲುವುದಿಲ್ಲ. ಅದನ್ನು ಸೋಲಿಸುವುದು ತುಕ್ಕು, ಅಪಘಾತ ಮತ್ತು ಕೆಟ್ಟ ಕೆಲಸ. ಈ ಮೂರನ್ನೂ ಕೊಳ್ಳುವ ಮುನ್ನವೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಯಾವ ಸೈಕಲ್ಲಿನ ಮಾತು ಇದು?

ನಮ್ಮ ಅಜ್ಜಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ಓಡಾಡಿದ ಕಪ್ಪು ಸೈಕಲ್ ಅಲ್ಲ. ಸುಮಾರು 1930ರ ದಶಕದಿಂದ 1980ರ ದಶಕದ ಕೊನೆಯವರೆಗೆ ಇಂಗ್ಲೆಂಡ್, ಇಟಲಿ, ಫ್ರಾನ್ಸ್, ಜಪಾನ್ ಮುಂತಾದ ದೇಶಗಳಲ್ಲಿ ರಸ್ತೆ ರೇಸಿಗಾಗಿ ಮಾಡಿದ, ಬಾಗಿದ ಹ್ಯಾಂಡಲ್ಲಿನ, ತೆಳು ಕೊಳವೆಗಳ ಸೈಕಲ್‌ಗಳ ಮಾತು.

ಈ ಫ್ರೇಮ್‌ಗಳ ಗುಟ್ಟು ಕೊಳವೆಯ ಒಳಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ತಯಾರಿಸುತ್ತಿದ್ದ ರೆನಾಲ್ಡ್ಸ್ ಕಂಪನಿ 1897ರಲ್ಲಿ ಒಂದು ಪೇಟೆಂಟ್ ಪಡೆಯಿತು. ಕೊಳವೆಯ ಎರಡು ತುದಿಗಳಲ್ಲಿ ಗೋಡೆ ದಪ್ಪ, ನಡುವೆ ತೆಳು. ಬೆಸುಗೆಯ ಬಿಸಿ ಮತ್ತು ಹೆಚ್ಚಿನ ಒತ್ತಡ ಬೀಳುವುದು ತುದಿಗಳ ಮೇಲೆ, ಅಲ್ಲಿ ಲೋಹ ಬೇಕು. ನಡುವೆ ಬೇಡ, ಅಲ್ಲಿ ತೂಕ ಉಳಿಸಬಹುದು. ಇದೇ ಬಟೆಡ್ ಟ್ಯೂಬ್. 1935ರಲ್ಲಿ ಬಂದ ರೆನಾಲ್ಡ್ಸ್ 531 ಮ್ಯಾಂಗನೀಸ್ ಮತ್ತು ಮಾಲಿಬ್ಡಿನಮ್ ಬೆರೆಸಿದ ಉಕ್ಕು. ಜಾಗ್ವಾರ್ ಇ-ಟೈಪ್ ಕಾರಿನ ಮುಂಭಾಗದ ಚೌಕಟ್ಟಿಗೂ ಇದೇ ಕೊಳವೆಗಳನ್ನು ಬಳಸಿದ್ದರು. ಇಟಲಿಯಲ್ಲಿ ಇದರ ಜೋಡಿ ಮಿಲಾನ್ ನಗರದ ಕೊಲಂಬಸ್, 1919ರಲ್ಲಿ ಶುರುವಾದದ್ದು. ಅವರ ಪ್ರಸಿದ್ಧ ಎಸ್‌ಎಲ್ ಕೊಳವೆಯ ಗೋಡೆ ತುದಿಯಲ್ಲಿ 0.9 ಮಿ.ಮೀ., ನಡುವೆ ಬರೀ 0.6 ಮಿ.ಮೀ.

ನಮಗೂ ಇಲ್ಲೊಂದು ನಂಟಿದೆ. ರೆನಾಲ್ಡ್ಸ್ ಹಲವು ದಶಕ ಬ್ರಿಟನ್ನಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಸಮೂಹದ ಭಾಗವಾಗಿತ್ತು. ಅದೇ ಸಮೂಹ 1949ರಲ್ಲಿ ಚೆನ್ನೈನ ಮುರುಗಪ್ಪ ಸಮೂಹದ ಜೊತೆ ಸೇರಿ ಟಿಐ ಸೈಕಲ್ಸ್ ಆರಂಭಿಸಿತು. ನಮ್ಮ ಊರುಗಳಿಗೆ ಬಂದ ಹರ್ಕ್ಯುಲಿಸ್ ಸೈಕಲ್ ಅಲ್ಲಿಯದೇ.

1990ರ ದಶಕದಲ್ಲಿ ರೇಸುಗಳಲ್ಲಿ ಅಲ್ಯೂಮಿನಿಯಮ್, ಆಮೇಲೆ ಕಾರ್ಬನ್ ಫೈಬರ್ ಬಂದು ಸ್ಟೀಲ್ ಹಿಂದೆ ಸರಿಯಿತು. ಆದರೆ ಆಸಕ್ತಿ ಸಾಯಲಿಲ್ಲ. ಇಟಲಿಯ ಗಾಯೊಲೆ ಇನ್ ಕಿಯಾಂಟಿಯಲ್ಲಿ 1997ರಿಂದ ನಡೆಯುತ್ತಿರುವ ‘ಲೆರೋಯ್ಕಾ’ ಸವಾರಿಗೆ ಸಾಮಾನ್ಯವಾಗಿ 1987ಕ್ಕಿಂತ ಮುಂಚಿನ ಕಾಲದ ಸೈಕಲ್ಲೇ ಬೇಕು. ಇಂಥ ಸವಾರಿಗಳು ಹೆಚ್ಚಿದಂತೆ ಅಟ್ಟದ ಮೇಲಿದ್ದ ಫ್ರೇಮ್‌ಗಳಿಗೂ ಬೆಲೆ ಬಂತು. ಬೆಲೆಯ ಹಿಂದೆಯೇ ಕಟ್ಟುಕಥೆಗಳೂ ಬಂದವು.

ನಂಬಿಕೆ 1: ಹಳೆಯ ಉಕ್ಕು ಸುಸ್ತಾಗಿ ಮೆತ್ತಗಾಗುತ್ತದೆ

ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಸ್ವಲ್ಪ ಹೊತ್ತಿಗೆ ತುಂಡಾಗುತ್ತದೆ. ಇದನ್ನು ಕಂಡವರಿಗೆ ಸೈಕಲ್ಲೂ ಹಾಗೆಯೇ ಅನ್ನಿಸುವುದು ಸಹಜ. ಆದರೆ ತಂತಿಯನ್ನು ನಾವು ಬಗ್ಗಿಸುವುದು ಅದು ಮತ್ತೆ ನೆಟ್ಟಗಾಗದಷ್ಟು. ಸವಾರಿಯಲ್ಲಿ ಫ್ರೇಮ್ ಬಾಗುವುದು ಕೂದಲೆಳೆಯಷ್ಟು, ತಕ್ಷಣ ಮೊದಲಿನಂತಾಗುತ್ತದೆ.

1842ರಲ್ಲಿ ಫ್ರಾನ್ಸಿನ ವರ್ಸೈ ಬಳಿ ರೈಲಿನ ಅಚ್ಚು ಮುರಿದು ದೊಡ್ಡ ದುರಂತವಾಯಿತು. ಅಚ್ಚುಗಳು ಯಾಕೆ ಮುರಿಯುತ್ತವೆ ಎಂಬ ಪ್ರಶ್ನೆ ಇಡೀ ಯುರೋಪನ್ನು ಕಾಡಿತು. ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸಿ ಪರೀಕ್ಷಿಸಿದರು. ಅವರ ಕೆಲಸದಿಂದ ತಿಳಿದದ್ದು: ಉಕ್ಕಿಗೆ ಒಂದು ಮಿತಿ ಇದೆ. ಒತ್ತಡ ಆ ಮಿತಿಯ ಕೆಳಗಿದ್ದರೆ ಲಕ್ಷಗಟ್ಟಲೆ ಸಲ ಬಾಗಿದರೂ ಬಿರುಕು ಹುಟ್ಟುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಇಂಥ ಸ್ಪಷ್ಟ ಮಿತಿ ಇಲ್ಲ.

ಇನ್ನು ‘ಮೆತ್ತಗಾಗುವುದು’. ಉಕ್ಕಿನ ಬಿಗಿತ ವಯಸ್ಸಿನಿಂದಾಗಲಿ ಸವಾರಿಯಿಂದಾಗಲಿ ಕಡಿಮೆಯಾಗುವುದಿಲ್ಲ. ಅಷ್ಟೇ ಅಲ್ಲ, ಅಗ್ಗದ ಉಕ್ಕಿಗೂ ದುಬಾರಿ ಉಕ್ಕಿಗೂ ಬಿಗಿತ ಹೆಚ್ಚುಕಡಿಮೆ ಒಂದೇ. ದುಬಾರಿ ಉಕ್ಕು ಹೆಚ್ಚು ಬಲಶಾಲಿ, ಅದಕ್ಕೇ ಗೋಡೆಯನ್ನು ತೆಳ್ಳಗೆ ಮಾಡಬಹುದು. ಸೈಕಲ್ ಮೆತ್ತಗೆ ಅನ್ನಿಸಿದರೆ ಸಡಿಲವಾದ ಹೆಡ್‌ಸೆಟ್, ಗಾಳಿ ಕಡಿಮೆಯಾದ ಟೈರ್ ಅಥವಾ ಎಲ್ಲೋ ಬಿಟ್ಟಿರುವ ಬಿರುಕನ್ನು ಹುಡುಕಿ.

ಆದರೆ ಒಂದು ಎಚ್ಚರಿಕೆ ಇದೆ, ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಇದೇ. ಈ ಮಿತಿ ಇರುವುದು ಆರೋಗ್ಯವಾಗಿರುವ ಉಕ್ಕಿಗೆ. ತುಕ್ಕು ತಿಂದ ಜಾಗದಲ್ಲಿ ಸಣ್ಣ ಗುಳಿ ಬೀಳುತ್ತದೆ, ಒತ್ತಡವೆಲ್ಲ ಅಲ್ಲಿ ಸೇರುತ್ತದೆ, ಬಿರುಕು ಅಲ್ಲಿಂದ ಹೊರಡುತ್ತದೆ. ಬೆಸುಗೆ ಹಾಕುವಾಗ ಅತಿಯಾಗಿ ಕಾಯಿಸಿದ ಜಾಗಕ್ಕೂ ಇದೇ ಗತಿ. ಹಾಗಾಗಿ “ಸ್ಟೀಲ್ ಮುರಿಯುವುದೇ ಇಲ್ಲ” ಎನ್ನುವುದೂ ಸುಳ್ಳೇ.

ನಂಬಿಕೆ 2: ಸ್ಟಿಕ್ಕರ್ ಇದ್ದರೆ ಅಸಲಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ಹಳೆಯ ಸ್ಟಿಕ್ಕರ್‌ಗಳ ಹೊಸ ಪ್ರತಿಗಳು ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತವೆ. ಬಣ್ಣ ಹೊಡೆಸಿದವರು ಪ್ರಾಮಾಣಿಕವಾಗಿಯೇ ಅಂಟಿಸಿರಬಹುದು, ಮೋಸಗಾರರೂ ಅಂಟಿಸಬಹುದು. ಅಸಲಿ ಸ್ಟಿಕ್ಕರಿನಲ್ಲೂ ಬರಹ ಓದಿ. ಕೆಲವು ರೆನಾಲ್ಡ್ಸ್ ಸ್ಟಿಕ್ಕರ್‌ಗಳು ಇಡೀ ಫ್ರೇಮ್ ಮತ್ತು ಫೋರ್ಕ್ 531 ಎನ್ನುತ್ತವೆ. ಕೆಲವು ಮುಖ್ಯ ಮೂರು ಕೊಳವೆ ಮಾತ್ರ ಎನ್ನುತ್ತವೆ. ಬೆಲೆಯಲ್ಲಿ ವ್ಯತ್ಯಾಸವಿದೆ.

ಸ್ಟಿಕ್ಕರಿಗಿಂತ ನಂಬಬಹುದಾದ ಎರಡು ಸುಳಿವುಗಳಿವೆ. ಮೊದಲನೆಯದು ಸೀಟ್‌ಪೋಸ್ಟಿನ ವ್ಯಾಸ. ಕೊಳವೆ ತೆಳ್ಳಗಿದ್ದಷ್ಟೂ ಒಳಗಿನ ತೂತು ದೊಡ್ಡದು, ಆದ್ದರಿಂದ ಬಟೆಡ್ 531 ಅಥವಾ ಕೊಲಂಬಸ್ ಎಸ್‌ಎಲ್ ಫ್ರೇಮಿಗೆ ಸಾಮಾನ್ಯವಾಗಿ 27.2 ಮಿ.ಮೀ. ಪೋಸ್ಟ್ ಕೂರುತ್ತದೆ. 25.4 ಅಥವಾ 26 ಮಿ.ಮೀ. ಇದ್ದರೆ ಗೋಡೆ ದಪ್ಪವಿರುವ ಸಾಧ್ಯತೆ ಹೆಚ್ಚು. ಫ್ರೆಂಚ್ ಫ್ರೇಮ್‌ಗಳ ಅಳತೆ ಬೇರೆ ಇರುವುದರಿಂದ ಇದು ಸುಳಿವು ಮಾತ್ರ, ತೀರ್ಪಲ್ಲ. ಎರಡನೆಯದು ಹಿಂದಿನ ಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್. ಇಟಲಿಯ ಕ್ಯಾಂಪಗ್ನೋಲೊ ಮುಂತಾದವರ ಡ್ರಾಪ್‌ಔಟ್ ಕಾಯಿಸಿ ಬಡಿದು ಮಾಡಿದ ದಪ್ಪ ತುಂಡು. ಅಗ್ಗದ ಫ್ರೇಮಿನಲ್ಲಿ ಅದು ತಗಡು ಕತ್ತರಿಸಿದಂತೆ ತೆಳ್ಳಗಿರುತ್ತದೆ.

ನಂಬಿಕೆ 3: ಲಗ್ ಇದ್ದರೆ ಉತ್ತಮ ಫ್ರೇಮ್, ತಟ್ಟಿದರೆ ಗಂಟೆಯಂತೆ ಕೇಳಬೇಕು

ಕೊಳವೆಗಳು ಸೇರುವ ಜಾಗದಲ್ಲಿ ತೋಳಿನಂತೆ ಇರುವ ತುಂಡೇ ಲಗ್. ಅದರೊಳಗೆ ಕೊಳವೆ ತೂರಿಸಿ ಹಿತ್ತಾಳೆ ಅಥವಾ ಬೆಳ್ಳಿ ಮಿಶ್ರಲೋಹ ಕರಗಿಸಿ ಬೆಸೆಯುತ್ತಾರೆ. ನೋಡಲು ಚೆಂದ. ಆದರೆ ನಮ್ಮ ಹಾಲಿನವರ ಕಪ್ಪು ಸೈಕಲ್ಲಿಗೂ ಲಗ್ ಇದೆ! ಲಗ್ ಇರುವುದಲ್ಲ, ಅದರ ಅಂಚು ತೆಳ್ಳಗೆ, ಸಮವಾಗಿ, ಸಂದಿಲ್ಲದೆ ಕೂತಿರುವುದು ಒಳ್ಳೆಯ ಕೆಲಸದ ಗುರುತು. ತಟ್ಟಿ ಸದ್ದು ಕೇಳುವುದಂತೂ ತೆಂಗಿನಕಾಯಿಗೆ ಸರಿ, ಫ್ರೇಮಿಗಲ್ಲ. ಫ್ರೇಮನ್ನು ಎಲ್ಲಿ ಹಿಡಿದಿದ್ದೀರಿ, ಏನು ಜೋಡಿಸಿದೆ ಎಂಬುದರ ಮೇಲೆ ಸದ್ದು ಬದಲಾಗುತ್ತದೆ.

ಕೊಳ್ಳುವ ಮುನ್ನ ಹತ್ತು ನಿಮಿಷದ ಪರೀಕ್ಷೆ

ಹೆಡ್ ಟ್ಯೂಬಿನ ಹಿಂದೆ: ಹ್ಯಾಂಡಲ್ ಕೂರುವ ಕೊಳವೆಯ ಸ್ವಲ್ಪ ಹಿಂದೆ, ಮೇಲಿನ ಮತ್ತು ಕೆಳಗಿನ ಕೊಳವೆಗಳ ಅಡಿಭಾಗವನ್ನು ಬೆರಳಿನಿಂದ ಸವರಿ. ಉಬ್ಬು, ಸುಕ್ಕು, ಬಣ್ಣದಲ್ಲಿ ಅಡ್ಡ ಬಿರುಕು ಸಿಕ್ಕರೆ ಆ ಸೈಕಲ್ ಎಲ್ಲಿಗೋ ಎದುರಿನಿಂದ ಗುದ್ದಿದೆ ಎಂದೇ ಅರ್ಥ. ಬಿಟ್ಟುಬಿಡಿ.

ಫೋರ್ಕ್: ಪಕ್ಕದಿಂದ ನೋಡಿ. ಮೇಲ್ಭಾಗ ಹೆಡ್ ಟ್ಯೂಬಿನ ಗೆರೆಯಲ್ಲೇ ಇಳಿದು, ಕೆಳಗೆ ಮಾತ್ರ ಮುಂದಕ್ಕೆ ಬಾಗಿರಬೇಕು. ಮೇಲ್ಭಾಗವೇ ಹಿಂದಕ್ಕೆ ತಳ್ಳಿದಂತಿದ್ದರೆ ಅಪಾಯ. ಅನುಮಾನ ಬಂದ ಫೋರ್ಕನ್ನು ನೆಟ್ಟಗೆ ಮಾಡಿಸಿ ಓಡಿಸಬೇಡಿ, ಬದಲಿಸಿ.

ತುಕ್ಕು: ಮೇಲ್ಮೈಯ ಕೆಂಪು ಪುಡಿ ಉಜ್ಜಿದರೆ ಹೋಗುತ್ತದೆ. ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಆಳಕ್ಕಿದೆ. ಪೆಡಲ್ ಅಕ್ಷ ಕೂರುವ ಬಾಟಮ್ ಬ್ರಾಕೆಟ್ ಇಡೀ ಫ್ರೇಮಿನ ತಗ್ಗು ಜಾಗ, ಒಳಗೆ ಇಳಿದ ನೀರೆಲ್ಲ ಅಲ್ಲಿ ನಿಲ್ಲುತ್ತದೆ. ಸಾಧ್ಯವಾದರೆ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿ. ಕರಾವಳಿಯಲ್ಲಿದ್ದ ಸೈಕಲ್ಲಿಗೆ ಈ ಪರೀಕ್ಷೆ ತಪ್ಪಿಸಲೇಬೇಡಿ.

ಸೀಟ್‌ಪೋಸ್ಟ್, ಹ್ಯಾಂಡಲ್ ಸ್ಟೆಮ್: ಎರಡೂ ಅಲುಗುತ್ತವೆಯೇ? ಉಕ್ಕಿನೊಳಗೆ ಅಲ್ಯೂಮಿನಿಯಮ್ ಇದ್ದು ತೇವ ಸೇರಿದರೆ ರಾಸಾಯನಿಕ ಕ್ರಿಯೆಯಿಂದ ಎರಡೂ ಕಚ್ಚಿಕೊಳ್ಳುತ್ತವೆ. ನಮ್ಮಲ್ಲೊಬ್ಬರು ಈ ಪಾಠವನ್ನು ದುಡ್ಡು ಕೊಟ್ಟು ಕಲಿತರು. ಫಳಫಳಿಸುವ ಫ್ರೇಮ್, ಸೀಟು ಮಾತ್ರ ಒಂದಿಂಚೂ ಮೇಲೇಳಲಿಲ್ಲ. ಕೊನೆಗೆ ಪೋಸ್ಟನ್ನು ಒಳಗಿನಿಂದ ಕೊಯ್ದು ತೆಗೆಸಬೇಕಾಯಿತು.

ದಾರದ ಪರೀಕ್ಷೆ: ಹಿಂದಿನ ಒಂದು ಡ್ರಾಪ್‌ಔಟಿಗೆ ದಾರ ಕಟ್ಟಿ, ಹೆಡ್ ಟ್ಯೂಬನ್ನು ಸುತ್ತಿಸಿ, ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ದಾರಕ್ಕಿರುವ ದೂರವನ್ನು ಎರಡೂ ಕಡೆ ಅಳೆಯಿರಿ. ಒಂದೆರಡು ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಫ್ರೇಮ್ ಸೊಟ್ಟಗಿದೆ.

ಬಿಡಿಭಾಗ ಸಿಗುತ್ತದೆಯೇ?

ಫ್ರೇಮ್ ಅಗ್ಗವಾಗಿ ಸಿಕ್ಕರೂ ಅದಕ್ಕೆ ಕೂರುವ ಭಾಗ ಸಿಗದಿದ್ದರೆ ಅದು ಗೋಡೆಗೆ ತೂಗುಹಾಕುವ ಅಲಂಕಾರವಷ್ಟೇ. ಮೂರು ಅಳತೆ ಕೇಳಿಕೊಳ್ಳಿ.

ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ: 5 ಗೇರಿನ ಕಾಲದಲ್ಲಿ 120 ಮಿ.ಮೀ., 6-7 ಗೇರಿಗೆ 126, ಆಮೇಲೆ 130. ಸ್ಟೀಲನ್ನು ತಿಳಿದವರ ಕೈಯಲ್ಲಿ 126ರಿಂದ 130ಕ್ಕೆ ಅಗಲಿಸಬಹುದು. ಅಲ್ಯೂಮಿನಿಯಮ್ ಅಥವಾ ಕಾರ್ಬನ್ನಿನಲ್ಲಿ ಈ ಪ್ರಯತ್ನ ಮಾಡಲೇಬಾರದು.

ಬಾಟಮ್ ಬ್ರಾಕೆಟಿನ ಮರೆ: ಇಂಗ್ಲಿಷ್ ಮಾದರಿಗೆ ಹೊಸ ಭಾಗ ಸುಲಭವಾಗಿ ಸಿಗುತ್ತದೆ. ಇದರಲ್ಲಿ ಬಲಗಡೆಯ ಕಪ್ ಉಲ್ಟಾ ಮರೆಯದು. ಇಟಾಲಿಯನ್ 36 ಮಿ.ಮೀ., ಹಳೆಯ ಫ್ರೆಂಚ್ 35 ಮಿ.ಮೀ. ಫ್ರೆಂಚ್ ಭಾಗ ಹುಡುಕುವುದು ಕಷ್ಟ.

ಚಕ್ರ: 27 ಇಂಚು ಮತ್ತು 700ಸಿ ಒಂದೇ ಅಲ್ಲ. ಮೊದಲನೆಯದರ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 630 ಮಿ.ಮೀ., ಎರಡನೆಯದರದು 622. ಚಕ್ರ ಬದಲಿಸಿದರೆ ಬ್ರೇಕ್ ರಬ್ಬರನ್ನು 4 ಮಿ.ಮೀ. ಕೆಳಗಿಳಿಸಬೇಕು, ಎಲ್ಲ ಬ್ರೇಕಿಗೂ ಅದು ಆಗುವುದಿಲ್ಲ.

ನೀವು ಮಾರುವವರಾದರೆ

ಮೊದಲ ಮಾತು: ಹೊಸ ಬಣ್ಣ ಹೊಡೆಸಬೇಡಿ. ಸಂಗ್ರಹಿಸುವವರಿಗೆ ಗೀರು ಬಿದ್ದ ಮೂಲ ಬಣ್ಣವೇ ಹೆಚ್ಚು ಇಷ್ಟ. ಹೊಸ ಬಣ್ಣ ಕಂಡರೆ “ಏನು ಮುಚ್ಚಿಟ್ಟಿದ್ದಾರೆ?” ಎಂಬ ಅನುಮಾನ ಬರುತ್ತದೆ.

ಚೈನ್ ಇರುವ ಬದಿ, ಹೆಡ್ ಟ್ಯೂಬಿನ ಸಂದು, ಡ್ರಾಪ್‌ಔಟ್, ಬಾಟಮ್ ಬ್ರಾಕೆಟಿನ ಅಡಿಯ ಸಂಖ್ಯೆ, ಇರುವ ಪ್ರತಿ ತಗ್ಗು, ಇವೆಲ್ಲದರ ಫೋಟೊ ಹಾಕಿ. ಸೀಟ್ ಟ್ಯೂಬಿನ ಉದ್ದ ಹೇಳುವಾಗ ನಡುವಿನಿಂದ ನಡುವಿಗೋ, ನಡುವಿನಿಂದ ತುದಿಗೋ ಬರೆಯಿರಿ. ಮೇಲಿನ ಕೊಳವೆಯ ಉದ್ದವನ್ನೂ ಸೇರಿಸಿ.

ಕೊರಿಯರಿಗೆ ಕೊಡುವಾಗ ಹಿಂದಿನ ಡ್ರಾಪ್‌ಔಟ್‌ಗಳ ನಡುವೆ ಮತ್ತು ಫೋರ್ಕಿನ ತುದಿಗಳ ನಡುವೆ ಹಳೆಯ ಅಚ್ಚು ಅಥವಾ ಮರದ ತುಂಡು ಬಿಗಿದು ಕಳಿಸಿ. ಇಲ್ಲವಾದರೆ ಮೇಲೆ ಭಾರ ಬಿದ್ದು, ನಲವತ್ತು ವರ್ಷ ಬದುಕಿದ ಫ್ರೇಮ್ ನಾಲ್ಕು ದಿನದ ಪ್ರಯಾಣದಲ್ಲಿ ಸೊಟ್ಟಗಾಗುತ್ತದೆ.

ಕದ್ದ ಮಾಲು, ಕದಿಯುವ ಲಿಂಕು

ಫ್ರೇಮ್ ಸಂಖ್ಯೆ ಉಜ್ಜಿ ಅಳಿಸಿದ್ದರೆ ಮಾತು ಅಲ್ಲಿಗೇ ಮುಗಿಸಿ. ಬ್ರಿಟನ್ನಿನಲ್ಲಿರುವ ಕನ್ನಡಿಗರು ‘ಬೈಕ್‌ರಿಜಿಸ್ಟರ್’ ತಾಣದಲ್ಲಿ ಸಂಖ್ಯೆ ಹಾಕಿ, ಕಳವು ಎಂದು ದಾಖಲಾಗಿದೆಯೇ ಎಂದು ನೋಡಬಹುದು. ಭಾರತದಲ್ಲಿ, ಕದ್ದದ್ದೆಂದು ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

ಮಾರುವವರಿಗೂ ಬಲೆ ಇದೆ. “ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಎಂದರೆ ಅದು ಮೋಸ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು, ಪಡೆಯಲು ಅಲ್ಲ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

“ಹಳೆಯ ಸ್ಟೀಲ್ ಫ್ರೇಮ್ ವಯಸ್ಸಿನಿಂದಲೇ ಮುರಿಯುತ್ತದೆ”: ಸುಳ್ಳು. “ಹಳೆಯ ಸ್ಟೀಲ್ ಎಲ್ಲವೂ ಬೆಲೆಬಾಳುತ್ತದೆ”: ಅದೂ ಸುಳ್ಳು. ತುಕ್ಕು, ಸುಕ್ಕು, ಬಿರುಕು ಇಲ್ಲದ, ನೆಟ್ಟಗಿರುವ, ಬಿಡಿಭಾಗ ಸಿಗುವ ಫ್ರೇಮ್ ಮೊಮ್ಮಕ್ಕಳ ಕಾಲಕ್ಕೂ ಓಡೀತು. ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ ಹಳೆಯ ಸೈಕಲ್ಲಿನ ಫೋಟೊ ಹಾಕಿ “ತಗೊಳ್ಲಾ?” ಎಂದು ಕೇಳಿದರೆ, ಹೆಡ್ ಟ್ಯೂಬಿನ ಹಿಂಭಾಗದ ಫೋಟೊ ಕಳಿಸಲು ಹೇಳಿ. ಉತ್ತರ ಬಹುಪಾಲು ಅಲ್ಲೇ ಸಿಗುತ್ತದೆ.