ಪ್ರಮಾಣಪತ್ರ ಮತ್ತು ಪಟ್ಟಿ: ಸೂಲಗಿತ್ತಿಯರ ತರಬೇತಿ ಹಾಗೂ ನಿಯಂತ್ರಣದ ಇತಿಹಾಸ

ವೈದ್ಯಪದವಿ ಇಲ್ಲದೆ ವೈದ್ಯಕೀಯ ಸೇವೆಯ ಒಂದು ಭಾಗವನ್ನು ನಿರ್ವಹಿಸುವವರಿಗೆ ಯಾವ ತರಬೇತಿ ಇರಬೇಕು, ಅವರ ಕೆಲಸದ ಮೇರೆ ಯಾವುದು, ಅವರ ಮೇಲೆ ನಿಗಾ ಇಡುವವರು ಯಾರು ಎಂಬ ಪ್ರಶ್ನೆಗಳು ಇಂದು ಹೊಸದಾಗಿ ಹುಟ್ಟಿಕೊಂಡವೆಂಬಂತೆ ಚರ್ಚೆಯಾಗುತ್ತಿವೆ. ವಾಸ್ತವವಾಗಿ ಈ ಪ್ರಶ್ನೆಗಳಿಗೆ ನಮ್ಮಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅದರ ನಡುವೆ ನಿಂತಿರುವವಳು ಹಳ್ಳಿಯ ಸೂಲಗಿತ್ತಿ. ಅವಳಿಗೆ ಸಂಬಂಧಿಸಿದ ಹಾಡು, ಆಚರಣೆ, ನಂಬಿಕೆಗಳನ್ನು ಜಾನಪದ ಅಧ್ಯಯನ ಸಾಕಷ್ಟು ಸಂಗ್ರಹಿಸಿದೆ. ಆದರೆ ಪ್ರಭುತ್ವವು ಅವಳೊಡನೆ ನಡೆಸಿದ ವ್ಯವಹಾರವನ್ನು ಆರೋಗ್ಯ ಇಲಾಖೆಯ ಸಂಗತಿಯೆಂದು ಬದಿಗಿರಿಸಿದೆ. ಪ್ರಭುತ್ವ ಅವಳಿಗೆ ಏನನ್ನು ಕಲಿಸಿತು, ಯಾವ ಸ್ಥಾನವನ್ನು ಕೊಟ್ಟಿತು, ಯಾವುದನ್ನು ಕೊಡದೆ ಉಳಿಸಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಂಪರೆಯೊಳಗಿನ ಕಟ್ಟುಪಾಡು

ಸೂಲು ಎಂದರೆ ಹೆರಿಗೆ. ಮದುವಣಗಿತ್ತಿ, ಹೂವಾಡಗಿತ್ತಿ ಎಂಬಲ್ಲಿ ಕಾಣುವ ಸ್ತ್ರೀವಾಚಕ ಪ್ರತ್ಯಯವೇ ಇಲ್ಲಿಯೂ ಸೇರಿ ಸೂಲಗಿತ್ತಿ ಎಂಬ ಪದವಾಗಿದೆ. ಪದವೇ ವೃತ್ತಿಯನ್ನು ಹೇಳುತ್ತದೆ. ಈ ವೃತ್ತಿಗೆ ಪಠ್ಯವಿರಲಿಲ್ಲ ಎಂದ ಮಾತ್ರಕ್ಕೆ ಶಿಕ್ಷಣವಿರಲಿಲ್ಲ ಎನ್ನಲಾಗದು. ತಾಯಿ, ಅತ್ತೆ ಅಥವಾ ಅಜ್ಜಿಯ ಜೊತೆಯಲ್ಲಿ ಹೋಗಿ ಮೊದಲು ನೀರು ಕಾಯಿಸುವುದು, ಬಸುರಿಯ ಬೆನ್ನು ಹಿಡಿಯುವುದು, ಬಳಿಕ ಹೊಟ್ಟೆ ಮುಟ್ಟಿ ಮಗುವಿನ ಇರವನ್ನು ತಿಳಿಯುವುದು, ಕೊನೆಗೆ ತಾನೇ ಕೈಯಿಟ್ಟು ಹೆರಿಗೆ ಮಾಡಿಸುವುದು, ಹೀಗೆ ಕಲಿಕೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತವರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು.

ಊರಿನ ನೆನಪೇ ಈ ವೃತ್ತಿಯ ನೋಂದಣಿ ಪುಸ್ತಕವಾಗಿತ್ತು. ಯಾರ ಕೈಗುಣ ಹೇಗೆ ಎಂಬುದು ಮನೆಯಿಂದ ಮನೆಗೆ ತಿಳಿದಿರುತ್ತಿತ್ತು. ಐದನೆಯ ಅಥವಾ ಆರನೆಯ ದಿನದ ಸಟವಿಯ ಪೂಜೆಯಲ್ಲಿ ಅವಳಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸ ಕೊಟ್ಟು ಗೌರವಿಸುವ ರೂಢಿ ಸಂಭಾವನೆಯೂ ಆಗಿತ್ತು, ಸಾರ್ವಜನಿಕ ಮನ್ನಣೆಯೂ ಆಗಿತ್ತು. ಹಾಗೆಂದು ಈ ವ್ಯವಸ್ಥೆಯನ್ನು ವೈಭವೀಕರಿಸುವುದು ಸಲ್ಲದು. ಸೂತಕದ ಕಲ್ಪನೆಯಿಂದಾಗಿ ಹೊಕ್ಕುಳಬಳ್ಳಿ ಕತ್ತರಿಸುವ, ಮಾಸನ್ನು ಹೂಳುವ ಕೆಲಸವನ್ನು ಅನೇಕ ಕಡೆಗಳಲ್ಲಿ ಕೆಳಗೆಂದು ಎಣಿಸಲ್ಪಟ್ಟ ಜಾತಿಗಳ ಹೆಣ್ಣುಮಕ್ಕಳಿಗೆ ಹೊರಿಸಲಾಗಿತ್ತು. ದಕ್ಷಿಣ ಭಾರತದಲ್ಲಿ ಕ್ಷೌರಿಕ ವೃತ್ತಿಯ ಕುಟುಂಬಗಳ ಸ್ತ್ರೀಯರು ಸೂಲಗಿತ್ತಿಯರಾಗಿದ್ದುದನ್ನು ಎಡ್ಗರ್ ಥರ್ಸ್ಟನ್ 1909ರ ತಮ್ಮ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಕುಡುಗೋಲಿನಿಂದ ಬಳ್ಳಿ ಕೊಯ್ದು ಗಾಯಕ್ಕೆ ಬೂದಿ ಅಥವಾ ಸಗಣಿ ಸವರುವ ಪದ್ಧತಿ ಇದ್ದೆಡೆಗಳಲ್ಲಿ ನವಜಾತ ಶಿಶುಗಳು ಧನುರ್ವಾಯುವಿಗೆ ಬಲಿಯಾಗುತ್ತಿದ್ದುದೂ ಸತ್ಯ. ಆದ್ದರಿಂದ ಪ್ರಭುತ್ವದ ಪ್ರವೇಶಕ್ಕೆ ಕಾರಣವಿತ್ತು. ಆ ಪ್ರವೇಶದ ರೀತಿ ಎಂತಹುದಾಗಿತ್ತು ಎಂಬುದೇ ಇಲ್ಲಿನ ಪ್ರಶ್ನೆ.

ಎರಡು ದಾರಿಗಳು

ವಸಾಹತುಶಾಹಿ ಕಾಲದಲ್ಲಿ ಸ್ತ್ರೀಯರ ವೈದ್ಯಕೀಯ ನೆರವಿಗಾಗಿ 1885ರಲ್ಲಿ ಡಫರಿನ್ ನಿಧಿ ಸ್ಥಾಪನೆಯಾಯಿತು. 1903ರಲ್ಲಿ ಲೇಡಿ ಕರ್ಜನ್ ಅವರ ಮುತುವರ್ಜಿಯಿಂದ, ದಾಯಿಗಳೆಂದು ಕರೆಯಲಾಗುತ್ತಿದ್ದ ಪರಂಪರಾಗತ ಸೂಲಗಿತ್ತಿಯರ ತರಬೇತಿಗೆಂದೇ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ರೂಪುಗೊಂಡಿತು. ಈ ನಿಧಿ 1918ರಲ್ಲಿ ಭಾರತದ ಹೆರಿಗೆಯ ಸ್ಥಿತಿಗತಿಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿತು. ಹಳ್ಳಿಯ ದಾಯಿಯನ್ನೇ ತಿದ್ದಬೇಕೋ ಅಥವಾ ಅವಳನ್ನು ಬಿಟ್ಟು ಬೇರೆಯವರನ್ನು ತಯಾರು ಮಾಡಬೇಕೋ ಎಂಬ ವಾದವನ್ನು ಅಲ್ಲಿಯೇ ಕಾಣಬಹುದು. ಮುಂದಿನ ನೂರು ವರ್ಷಗಳ ನೀತಿಯೆಲ್ಲ ಈ ಎರಡು ತುದಿಗಳ ನಡುವೆ ತೂಗಾಡಿತು.

ಇದೇ ಕಾಲದಲ್ಲಿ ಆಳುವವರ ನಾಡಿನಲ್ಲಿಯೂ ಇಂತಹುದೇ ಸಮಸ್ಯೆ ಇತ್ತೆಂಬುದನ್ನು ಗಮನಿಸಬೇಕು. ಇಂಗ್ಲೆಂಡಿನ 1902ರ ಸೂಲಗಿತ್ತಿಯರ ಕಾಯ್ದೆ ಒಂದು ಕೇಂದ್ರ ಮಂಡಳಿಯನ್ನೂ ಒಂದು ಅಧಿಕೃತ ಪಟ್ಟಿಯನ್ನೂ ಸ್ಥಾಪಿಸಿತು. 1905ರಿಂದ ಪಟ್ಟಿಯಲ್ಲಿಲ್ಲದವರು ಆ ಹೆಸರನ್ನು ಬಳಸುವಂತಿರಲಿಲ್ಲ. 1910ರಿಂದ ಅವರು ಹಣಕ್ಕಾಗಿ ಆ ಕೆಲಸವನ್ನು ರೂಢಿಯಾಗಿ ಮಾಡುವಂತೆಯೂ ಇರಲಿಲ್ಲ. ಆದರೆ ಕನಿಷ್ಠ ಒಂದು ವರ್ಷದಿಂದ ಪ್ರಾಮಾಣಿಕವಾಗಿ ಆ ವೃತ್ತಿಯಲ್ಲಿದ್ದು ಸನ್ನಡತೆಯ ಸಾಕ್ಷ್ಯ ಒದಗಿಸಿದ ಹೆಂಗಸರಿಗೆ, ಪರೀಕ್ಷೆ ಇಲ್ಲದೆಯೇ ಪಟ್ಟಿಗೆ ಸೇರಲು ಸೀಮಿತ ಅವಧಿಯ ಅವಕಾಶವಿತ್ತು. ಒಳಗೆ ಬಂದವಳು ಶುಚಿತ್ವದ ನಿಯಮಗಳಿಗೆ, ಸ್ಥಳೀಯ ಮೇಲ್ವಿಚಾರಣೆಗೆ, ತೊಡಕಿನ ಸಂದರ್ಭದಲ್ಲಿ ವೈದ್ಯರ ನೆರವು ಕೇಳಬೇಕೆಂಬ ಕಟ್ಟಳೆಗೆ ಒಳಪಟ್ಟಳು. ತಪ್ಪಿದರೆ ಪಟ್ಟಿಯಿಂದ ಹೊರಬೀಳುತ್ತಿದ್ದಳು. 1936ರ ಕಾಯ್ದೆ ಸಂಬಳದ ಸೇವೆಯನ್ನು ಏರ್ಪಡಿಸಿದಾಗ, ವೃತ್ತಿ ಬಿಟ್ಟುಕೊಟ್ಟವರಿಗೆ ಪರಿಹಾರವನ್ನೂ ಒದಗಿಸಿತು. ಹಳೆಯ ತಲೆಮಾರು ಮರ್ಯಾದೆಯಿಂದ ನಿವೃತ್ತವಾಯಿತು, ಹೊಸ ತಲೆಮಾರು ಓದಿ ಬಂದಿತು.

ಕನ್ನಡ ಪ್ರದೇಶಗಳು ಆಗ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ದಕ್ಷಿಣ ಕನ್ನಡ, ಬಳ್ಳಾರಿಗಳು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1926ರಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾಯ್ದೆ ಬಂದಿತು. ಮೈಸೂರು ಸಂಸ್ಥಾನದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದೊಡನೆ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ಆರಂಭವಾಯಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆ ತೆರೆಯಿತು. ಸ್ವಾತಂತ್ರ್ಯಾನಂತರ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಹಾಗೂ ಏಕೀಕೃತ ರಾಜ್ಯದ 1961ರ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಗಳು ಬಂದವು. ಇವೆಲ್ಲದರ ಕೇಂದ್ರದಲ್ಲಿದ್ದವಳು ಸಂಸ್ಥೆಯಲ್ಲಿ ಕಲಿತು ಪರೀಕ್ಷೆಗೆ ಕುಳಿತವಳು. ಹೀಗೆ ಸೂಲಗಿತ್ತಿ ಎಂಬ ಒಂದೇ ಪದ ಎರಡು ಅರ್ಥಗಳಾಗಿ ಒಡೆಯಿತು: ಕಾಯ್ದೆಯ ಸೂಲಗಿತ್ತಿ ಒಬ್ಬಳು, ಊರಿನ ಸೂಲಗಿತ್ತಿ ಮತ್ತೊಬ್ಬಳು. ಹೆರಿಗೆಗಳಲ್ಲಿ ಬಹುಪಾಲು ನಡೆಯುತ್ತಿದ್ದುದು ಎರಡನೆಯವಳ ಕೈಯಲ್ಲಿ.

ಮೂವತ್ತು ದಿನಗಳ ತರಬೇತಿ

1946ರ ಭೋರ್ ಸಮಿತಿ, ತರಬೇತಾದ ಸಿಬ್ಬಂದಿ ಸಾಕಷ್ಟು ದೊರೆಯುವವರೆಗೆ ದಾಯಿಗಳಿಗೆ ತರಬೇತಿ ಕೊಟ್ಟು ಅವರ ಸೇವೆಯನ್ನು ಬಳಸಿಕೊಳ್ಳಬೇಕೆಂದು ಸೂಚಿಸಿತು. ಇದು ತಾತ್ಕಾಲಿಕ ಕ್ರಮವೆಂಬುದು ಸಮಿತಿಯ ಆಶಯವಾಗಿತ್ತು. ಈ ತಾತ್ಕಾಲಿಕತೆಯೇ ಮುಂದಿನ ದಶಕಗಳ ಸ್ಥಾಯಿಭಾವವಾಯಿತು.

1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಈ ತರಬೇತಿ ವ್ಯಾಪಕ ರೂಪ ತಾಳಿತು. ಅವಧಿ 30 ಕೆಲಸದ ದಿನಗಳು, ಭತ್ಯೆ 300 ರೂಪಾಯಿ. ವಾರದಲ್ಲಿ ಎರಡು ದಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಉಪಕೇಂದ್ರದಲ್ಲಿ ಕಲಿಕೆ, ಉಳಿದ ನಾಲ್ಕು ದಿನ ಆರೋಗ್ಯ ಕಾರ್ಯಕರ್ತೆಯೊಡನೆ ಹಳ್ಳಿಗಳ ಸುತ್ತಾಟ. ತರಬೇತಿಯ ಅವಧಿಯಲ್ಲಿ ಕನಿಷ್ಠ ಎರಡು ಹೆರಿಗೆಗಳನ್ನು ಮೇಲ್ವಿಚಾರಣೆಯಲ್ಲಿ ಮಾಡಿಸಬೇಕಿತ್ತು. ಮುಗಿದ ಮೇಲೆ ಒಂದು ಹೆರಿಗೆ ಪೆಟ್ಟಿಗೆ, ಒಂದು ಪ್ರಮಾಣಪತ್ರ. ಕೇಂದ್ರದಲ್ಲಿ ನೋಂದಾಯಿತವಾದ ಪ್ರತಿ ಹೆರಿಗೆಗೆ 10 ರೂಪಾಯಿ. ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಅಲಗು, ಶುಚಿಯಾದ ದಾರ, ಏನನ್ನೂ ಸವರದ ಹೊಕ್ಕುಳು ಎಂಬ ಐದು ಶುಚಿಗಳು ಇಂತಹ ತರಬೇತಿಗಳ ತಿರುಳಾಗಿದ್ದವು. ಈ ಪಾಠ ನಿಷ್ಫಲವಾಗಲಿಲ್ಲ. ತಾಯಂದಿರಿಗೆ ಧನುರ್ವಾಯು ಲಸಿಕೆ, ಶುಚಿಯಾದ ಹೆರಿಗೆ, ಆಸ್ಪತ್ರೆಯ ಹೆರಿಗೆ ಇವೆಲ್ಲವೂ ಕೂಡಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂಬ ಮಾನ್ಯತೆ 2015ರಲ್ಲಿ ದೊರೆಯಿತು.

ಆದರೆ ಈ ಪ್ರಮಾಣಪತ್ರದ ಸ್ವರೂಪವನ್ನು ಸೂಕ್ಷ್ಮವಾಗಿ ನೋಡಬೇಕು. ಅದು ತರಬೇತಿಗೆ ಹಾಜರಾದುದರ ಸಾಕ್ಷಿ, ವೃತ್ತಿಯ ಪರವಾನಗಿಯಲ್ಲ. ಅದನ್ನು ಪಡೆದವಳ ಹೆಸರು ಶುಶ್ರೂಷಾ ಪರಿಷತ್ತಿನ ಪಟ್ಟಿಗೆ ಏರಲಿಲ್ಲ. ಪಟ್ಟಿಯಲ್ಲಿಲ್ಲದವಳನ್ನು ತಪ್ಪಿಗಾಗಿ ತೆಗೆದುಹಾಕುವಂತಿಲ್ಲ, ಒಳ್ಳೆಯ ಕೆಲಸಕ್ಕಾಗಿ ಮೇಲೇರಿಸುವಂತೆಯೂ ಇಲ್ಲ. ಅವಳಿಗೆ ಹೊಣೆಯೂ ಇಲ್ಲ, ಹಕ್ಕೂ ಇಲ್ಲ. ಅಲ್ಲದೆ ಪಾಠ ಒಮ್ಮುಖವಾಗಿತ್ತು. ಕುಳಿತು ಹೆರುವ ಭಂಗಿ, ನೋವಿನ ಹೊತ್ತಿನಲ್ಲಿ ಸಂಗಾತಿಯ ಆಸರೆ ಮುಂತಾದ ಅವಳ ರೂಢಿಗಳಲ್ಲಿ ಯಾವುದು ಹಿತ, ಯಾವುದು ಅಹಿತ ಎಂದು ವಿಂಗಡಿಸುವ ಯತ್ನ ಆ ಮೂವತ್ತು ದಿನಗಳ ಚೌಕಟ್ಟಿನಲ್ಲಿ ಇರಲಿಲ್ಲ.

ಬಾಗಿಲು ಮುಚ್ಚಿದ ಬಗೆ

1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಸೇರಿ ಹೊರಡಿಸಿದ ಹೇಳಿಕೆ, ಪರಂಪರಾಗತ ಸೂಲಗಿತ್ತಿಯನ್ನು ಆರೋಗ್ಯ ವ್ಯವಸ್ಥೆಯ ಕೊಂಡಿಯೆಂದು ಕಂಡಿತ್ತು. ಹನ್ನೆರಡು ವರ್ಷಗಳಲ್ಲಿ ನೋಟ ಬದಲಾಯಿತು. 2004ರ ಅಂತರರಾಷ್ಟ್ರೀಯ ಹೇಳಿಕೆಯ ಪ್ರಕಾರ ‘ನುರಿತ ಪರಿಚಾರಕಿ’ ಎಂದರೆ ಮಾನ್ಯತೆ ಪಡೆದ ಸೂಲಗಿತ್ತಿ, ದಾದಿ ಅಥವಾ ವೈದ್ಯೆ ಮಾತ್ರ. ಪರಂಪರಾಗತ ಸೂಲಗಿತ್ತಿ, ತರಬೇತಿ ಪಡೆದಿರಲಿ ಬಿಡಲಿ, ಅದರೊಳಗೆ ಬರುವುದಿಲ್ಲ. ಇದಕ್ಕೆ ವೈದ್ಯಕೀಯ ಕಾರಣ ಬಲವಾಗಿಯೇ ಇತ್ತು. ಹೆರಿಗೆಯ ನಂತರದ ರಕ್ತಸ್ರಾವ, ನಂಜು ಸೆಳವು, ಅಡ್ಡಿಗೊಂಡ ಹೆರಿಗೆ ಇವುಗಳಿಗೆ ಔಷಧ, ರಕ್ತ, ಶಸ್ತ್ರಚಿಕಿತ್ಸೆ ಬೇಕು. ಹೆರಿಗೆ ಪೆಟ್ಟಿಗೆಯಲ್ಲಿ ಅವು ಇರಲು ಸಾಧ್ಯವಿಲ್ಲ.

2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವೂ ಜನನಿ ಸುರಕ್ಷಾ ಯೋಜನೆಯೂ ಆರಂಭವಾದವು. ಹಳ್ಳಿಗೆ ‘ಆಶಾ’ ಬಂದಳು. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ, ಆಸ್ಪತ್ರೆಗೆ ಕರೆದೊಯ್ಯುವುದು ಅವಳ ಕೆಲಸ. ವಯಸ್ಸು 25ರಿಂದ 45, ವಿದ್ಯೆ ಎಂಟನೆಯ ತರಗತಿ ಎಂಬ ಅರ್ಹತೆಗಳಿಂದ, ಓದು ಬಾರದ ವಯಸ್ಸಾದ ಸೂಲಗಿತ್ತಿಗೆ ಈ ಹೊಸ ಬಾಗಿಲೂ ತೆರೆಯಲಿಲ್ಲ. ಕರ್ನಾಟಕದಲ್ಲಿ 2005-06ರಲ್ಲಿ ಶೇಕಡಾ 65ರಷ್ಟಿದ್ದ ಸಾಂಸ್ಥಿಕ ಹೆರಿಗೆ 2019-21ರ ಹೊತ್ತಿಗೆ ಶೇಕಡಾ 97 ಆಯಿತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2001-03ರ 228ರಿಂದ 2018-20ರಲ್ಲಿ 69ಕ್ಕೆ ಇಳಿಯಿತು. ಬದುಕುಳಿದ ತಾಯಂದಿರ ಮುಂದೆ ಯಾವ ಪರಂಪರೆಯ ಹಳಹಳಿಕೆಯೂ ನಿಲ್ಲಲಾರದು. ಇದನ್ನು ಜಾನಪದ ಅಧ್ಯಯನ ಸಂಶಯವಿಲ್ಲದೆ ಒಪ್ಪಬೇಕು.

ಆದರೂ ಒಂದು ಸಂಗತಿ ಉಳಿಯುತ್ತದೆ. 2007ರಲ್ಲಿ ರಾಜ್ಯ ಸರ್ಕಾರ ಆಸ್ಪತ್ರೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆ ಬಟ್ಟೆ, ಸೋಪು ಮೊದಲಾದವುಗಳ ಕಿಟ್ ನೀಡುವ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟಿತು. ಮಡಿಲು ತುಂಬುವುದು ಬಾಣಂತನದ ಲೋಕದ ಮಾತು. ಆ ಲೋಕದ ಪದ ಇಲಾಖೆಯೊಳಗೆ ಬಂದಿತು, ಆ ಲೋಕದ ಕಸುಬುಗಾರ್ತಿ ಹೊರಗುಳಿದಳು. ಇಂಗ್ಲೆಂಡಿನಲ್ಲಿ ಪಟ್ಟಿಯ ಮೂಲಕ ಸಂಭವಿಸಿದ ನಿವೃತ್ತಿ, ನಮ್ಮಲ್ಲಿ ಪಟ್ಟಿಯಿಲ್ಲದ ಮರೆವಾಗಿ ಸಂಭವಿಸಿತು.

ಇಂದಿನ ಕಾಯ್ದೆಗಳ ಎದುರಿಗೆ

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೆಯ ಪ್ರಕರಣ, ‘ಸಮುದಾಯ ಆರೋಗ್ಯ ಸೇವಾದಾತ’ರಿಗೆ ಮಧ್ಯಮ ಮಟ್ಟದಲ್ಲಿ ಸೀಮಿತ ಪರವಾನಗಿ ಕೊಡಲು ಅವಕಾಶ ಕಲ್ಪಿಸಿದೆ, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೆಯ ಒಂದು ಭಾಗವನ್ನು ಮೀರಬಾರದು. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಫಿಜಿಷಿಯನ್ ಅಸೋಸಿಯೇಟ್ ಸೇರಿದಂತೆ ಹಲವು ವೃತ್ತಿಗಳನ್ನು ಹತ್ತು ಗುಂಪುಗಳಲ್ಲಿ ಪಟ್ಟಿ ಮಾಡಿದೆ. ಸಹವರ್ತಿ ವೃತ್ತಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಸೇವಾ ವೃತ್ತಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಅದು ವಿಧಿಸುತ್ತದೆ. 2018ರ ಕೇಂದ್ರ ಮಾರ್ಗಸೂಚಿ ದಾದಿಯರಿಗೆ 18 ತಿಂಗಳ ಹೆಚ್ಚಿನ ತರಬೇತಿ ಕೊಟ್ಟು ವೃತ್ತಿಪರ ಸೂಲಗಿತ್ತಿಯರನ್ನು ರೂಪಿಸಲು ಹೊರಟಿತು. ಗರ್ಭಿಣಿಯ ಇಷ್ಟದ ಭಂಗಿ, ಸಂಗಾತಿಯ ಆಸರೆ ಎಂಬಂತಹ ಮಾತುಗಳು ಇಂತಹ ಪಠ್ಯಗಳ ಮೂಲಕ ಹೊಸ ವೇಷದಲ್ಲಿ ಹಿಂದಿರುಗುತ್ತಿವೆ. ಬ್ರಿಟನ್ನಿನಲ್ಲಿಯೂ ವಾದ ಮುಗಿದಿಲ್ಲ. ಅಲ್ಲಿ ಫಿಜಿಷಿಯನ್ ಅಸೋಸಿಯೇಟರ ನಿಯಂತ್ರಣ ಆರಂಭವಾದುದೇ 2024ರ ಡಿಸೆಂಬರಿನಲ್ಲಿ. ರೋಗಿಗಳು ಅವರನ್ನು ವೈದ್ಯರೆಂದು ತಪ್ಪಾಗಿ ತಿಳಿಯದಿರಲು ‘ಅಸಿಸ್ಟೆಂಟ್’ ಎಂದು ಹೆಸರು ಬದಲಿಸಬೇಕೆಂದು 2025ರ ಜುಲೈನ ಲೆಂಗ್ ವರದಿ ಶಿಫಾರಸು ಮಾಡಿತು. 1905ರಂತೆ ಇಲ್ಲಿಯೂ ಮೊದಲ ಪ್ರಶ್ನೆ ಹೆಸರಿನದೇ.

ಸೂಲಗಿತ್ತಿಯ ಇತಿಹಾಸದಿಂದ ಈ ಹೊಸ ವ್ಯವಸ್ಥೆಗಳು ಕಲಿಯಬೇಕಾದುದು ಸ್ಪಷ್ಟವಾಗಿದೆ. ಗಂಟೆಗಳ ಎಣಿಕೆ ಮಾತ್ರವೇ ನಿಯಂತ್ರಣವಾಗದು. ಕೆಲಸದ ಮೇರೆ, ಮೇಲ್ವಿಚಾರಣೆ, ತೊಡಕಾದಾಗ ರೋಗಿಯನ್ನು ಮುಂದಕ್ಕೆ ಕಳುಹಿಸುವ ದಾರಿ, ಜನರು ನೋಡಬಹುದಾದ ಪಟ್ಟಿ, ಈಗಾಗಲೇ ಕೆಲಸದಲ್ಲಿರುವವರಿಗೆ ಗೌರವದ ಪ್ರವೇಶ ಅಥವಾ ಗೌರವದ ನಿವೃತ್ತಿ, ಇವು ಕೂಡಿದಾಗ ಮಾತ್ರ ತರಬೇತಿಗೆ ಅರ್ಥ ಬರುತ್ತದೆ. ಪಟ್ಟಿಗೆ ಸೇರಿಸದೆ ಪ್ರಮಾಣಪತ್ರ ಕೊಟ್ಟರೆ ರೋಗಿಗೂ ರಕ್ಷಣೆಯಿಲ್ಲ, ಕಸುಬುಗಾರರಿಗೂ ರಕ್ಷಣೆಯಿಲ್ಲ.

ತರಬೇತಿ ಪಡೆದ ಸೂಲಗಿತ್ತಿಯರ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ಪ್ರಮಾಣಪತ್ರಗಳು, ಹೆರಿಗೆ ಪೆಟ್ಟಿಗೆಗಳು, ತರಬೇತಿಯ ನೆನಪುಗಳು, ಆರೋಗ್ಯ ಕೇಂದ್ರಗಳ ಹಳೆಯ ಕಡತಗಳು ಜಿಲ್ಲಾವಾರು ಸಂಗ್ರಹವಾಗಬೇಕಾಗಿದೆ. ಹಾಡಿನ ಜೊತೆಗೆ ಹಾಡಿದವಳ ವೃತ್ತಿಚರಿತ್ರೆಯನ್ನೂ ದಾಖಲಿಸುವುದು ಜಾನಪದ ಅಧ್ಯಯನದ ಮುಂದಿರುವ ತುರ್ತಿನ ಕಾರ್ಯವಾಗಿದೆ. ಪ್ರಭುತ್ವ ಬರೆಯದೆ ಬಿಟ್ಟ ಪಟ್ಟಿಯನ್ನು ಕಡೆಗೆ ಚರಿತ್ರೆಯಾದರೂ ಬರೆಯಬೇಕು.