ಗ್ರೀನಿಂಗ್ ರೋಗಕ್ಕೆ ಮದ್ದಿನ ಹುಡುಕಾಟ

ರೋಗದ ಪರಿಚಯ

ಕಿತ್ತಳೆ, ಮೋಸಂಬಿ, ಲಿಂಬೆ ಬೆಳೆಗಾರರು ಗ್ರೀನಿಂಗ್ ರೋಗಕ್ಕೆ ಹೆದರುವಷ್ಟು ಬೇರೆ ರೋಗಗಳಿಗೆ ಹೆದರುವುದು ಅಪರೂಪ. ಲಿಬೆರಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ರಸ ಹೀರುವ ಸಿಲ್ಲಾ ಕೀಟ ಅದನ್ನು ಮರದಿಂದ ಮರಕ್ಕೆ ಹರಡುತ್ತದೆ. ಎಲೆಗಳಲ್ಲಿ ಹಳದಿ ಮಚ್ಚೆ ಮೂಡುತ್ತದೆ, ಕಾಯಿ ಸೊಟ್ಟಗೆ ಬೆಳೆದು ಹಸಿರಾಗಿಯೇ ಉದುರುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಲು ಇದೂ ಒಂದು ಕಾರಣ. ಅಮೆರಿಕದ ಫ್ಲಾರಿಡಾದಲ್ಲಿ ರೋಗ ಪತ್ತೆಯಾದದ್ದು 2005ರಲ್ಲಿ. 2003–04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯಕ್ಕೆ 2022–23ರಲ್ಲಿ ದಕ್ಕಿದ್ದು ಸುಮಾರು 1.6 ಕೋಟಿ. ಚಂಡಮಾರುತಗಳೂ ಪೆಟ್ಟು ಕೊಟ್ಟವು, ಆದರೆ ಮರಗಳು ಅದಾಗಲೇ ಸೋತಿದ್ದವು.

ಮದ್ದು ತಲುಪದ ಜಾಗ

ಬ್ಯಾಕ್ಟೀರಿಯಾವನ್ನು ಕೊಲ್ಲುವ ರಾಸಾಯನಿಕಗಳಿಗೆ ಬರವಿಲ್ಲ, ತೊಡಕಿರುವುದು ತಲುಪಿಸುವುದರಲ್ಲಿ. ಇದೇ ಬೆಳೆಗಳಿಗೆ ತಗುಲುವ ಕಜ್ಜಿ ರೋಗದ ಬ್ಯಾಕ್ಟೀರಿಯಾ ಎಲೆಯ ಮೇಲ್ಮೈಯಿಂದ ಒಳನುಗ್ಗುವುದರಿಂದ ತಾಮ್ರದ ಸಿಂಪಡಣೆ ಅದನ್ನು ತಡೆಯಬಲ್ಲದು. ಲಿಬೆರಿಬ್ಯಾಕ್ಟರ್ ಹಾಗಲ್ಲ, ಎಲೆಯಿಂದ ಆಹಾರ ಸಾಗಿಸುವ ನಾಳಗಳೊಳಗೇ ಬದುಕಿ ಬೇರಿನವರೆಗೂ ಹಬ್ಬುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ಪ್ರತ್ಯೇಕವಾಗಿ ಬೆಳೆಸುವುದೂ ಸಾಧ್ಯವಾಗಿಲ್ಲ. ಹಾಗಾಗಿ ಹೊಸ ಸಂಯುಕ್ತಗಳನ್ನು ಇದರ ದಾಯಾದಿ ಬ್ಯಾಕ್ಟೀರಿಯಾದ ಮೇಲೋ ರೋಗ ತಗುಲಿದ ಗಿಡಗಳ ಮೇಲೋ ಪರೀಕ್ಷಿಸಬೇಕು. ಕೆಲಸ ನಿಧಾನವಾಗಲು ಇದೇ ದೊಡ್ಡ ಕಾರಣ.

ಆ್ಯಂಟಿಬಯಾಟಿಕ್ ದಾರಿ

ಕಾಂಡಕ್ಕೆ ಟೆಟ್ರಾಸೈಕ್ಲಿನ್ ಚುಚ್ಚುವ ಪ್ರಯತ್ನ 1970ರ ದಶಕದಲ್ಲೇ ದಕ್ಷಿಣ ಆಫ್ರಿಕದಲ್ಲಿ ನಡೆದಿತ್ತು. ಫ್ಲಾರಿಡಾ 2022ರಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು. ಮರಗಳು ಚೇತರಿಸಿಕೊಳ್ಳುತ್ತವೆ, ಆದರೆ ರೋಗ ಪೂರ್ತಿ ವಾಸಿಯಾಗುವುದಿಲ್ಲ. ಚುಚ್ಚಿದಲ್ಲೆಲ್ಲ ಕಾಂಡಕ್ಕೆ ಗಾಯ. ಮನುಷ್ಯರ ಕಾಯಿಲೆಗೆ ಬೇಕಾದ ಔಷಧವನ್ನು ತೋಟಕ್ಕೆ ಸುರಿದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಹುಟ್ಟುವ ಭಯವೂ ಇದೆ. ಈ ಭಯವನ್ನು ಹಗುರವಾಗಿ ನೋಡಬಾರದು. ಇನ್ನೊಂದು ಆ್ಯಂಟಿಬಯಾಟಿಕ್ ಆದ ಸ್ಟ್ರೆಪ್ಟೊಮೈಸಿನ್ ಕ್ಷಯಕ್ಕೂ ಕೊಡುವ ಮದ್ದು. ಕಿತ್ತಳೆ, ಲಿಂಬೆಗಳ ಸಿಟ್ರಸ್ ಕುಲದ ಬೆಳೆಗೆ ಅದನ್ನು ಬಳಸಲು ನೀಡಿದ್ದ ಅನುಮತಿಯನ್ನು ಅಮೆರಿಕದ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ರದ್ದುಗೊಳಿಸಿತು.

ಸಿಟ್ರಸ್ ಕುಲದಿಂದಲೇ ಬಂದ ಪೆಪ್ಟೈಡ್

ಹೆಚ್ಚು ಭರವಸೆ ಮೂಡಿಸಿರುವುದು ಆಸ್ಟ್ರೇಲಿಯಾದ ಫಿಂಗರ್ ಲೈಮ್. ಬೆರಳುದ್ದದ ಕಾಯಿ ಬಿಡುವ ಈ ಮರ ಗ್ರೀನಿಂಗ್ ರೋಗವನ್ನು ತಾಳಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಆವರಣದ ಹೈಲಿಂಗ್ ಜಿನ್ ಅವರ ತಂಡ ರೋಗ ತಾಳುವ ಮತ್ತು ತಾಳದ ಸಿಟ್ರಸ್ ಬಗೆಗಳನ್ನು ಹೋಲಿಸಿ, ಈ ಗುಣದ ಹಿಂದಿರುವ ಒಂದು ಪೆಪ್ಟೈಡನ್ನು (ಪುಟ್ಟ ಪ್ರೋಟೀನನ್ನು) ಗುರುತಿಸಿ 2021ರಲ್ಲಿ ಪ್ರಕಟಿಸಿತು. ಅದು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಒಡೆಯುತ್ತದೆ. ಬಿಸಿಲಿನ ತಾಪಕ್ಕೆ ಸುಲಭವಾಗಿ ಕೆಡುವುದಿಲ್ಲ. ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಎಚ್ಚರಿಸುವುದರಿಂದ, ರೋಗ ತಗುಲುವ ಮೊದಲೇ ಎಳೆ ಸಸಿಗಳಿಗೆ ಕೊಟ್ಟು ಸೋಂಕು ತಡೆಯುವ ಸಾಧ್ಯತೆಯೂ ತೆರೆದುಕೊಂಡಿದೆ.